ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗದಿರಲಿ



ನಮ್ಮ ಈ ಇ-ಪತ್ರಿಕೆಯಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವದ ವರದಿ, ಯುಗಾದಿಯ ಹೋಳಿಗೆ ಊಟದ ಫೋಟೋ, ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳ ಹೆಸರು, ಇವೇ ಬರುತ್ತವೆ. ಬರಬೇಕಾದ್ದೇ. ಆದರೆ ಈ ಸಲ ಸಂಪಾದಕ ಮಿತ್ರರು "ಏನಾದರೂ ಬರೆದುಕೊಡಿ" ಎಂದಾಗ, ಹನ್ನೆರಡು ವರ್ಷಗಳಿಂದ ಸಂಘದ ಯಾವ ಕಾರ್ಯಕ್ರಮದಲ್ಲೂ ನಾನು ಬಾಯಿಬಿಡದ ಒಂದು ವಿಷಯವನ್ನೇ ಬರೆಯುತ್ತೇನೆ ಎಂದೆ. ವಿಚ್ಛೇದನವಾದ ಮೇಲೆ ಮಗು ಯಾರ ಹತ್ತಿರ ಇರಬೇಕು, ಇನ್ನೊಬ್ಬರು ಅದನ್ನು ಯಾವಾಗ, ಎಲ್ಲಿ, ಹೇಗೆ ನೋಡಬೇಕು ಎನ್ನುವ ವಿಷಯ.

ಬರೆಯುವುದಕ್ಕೆ ಕಾರಣವೂ ಇದೆ. ಈಚೆಗೆ ನನ್ನ ಮಗಳಿಗೆ 18 ತುಂಬಿತು. ರೂವಿಯ ನನ್ನ ಫ್ಲ್ಯಾಟಿನ ಅಲ್ಮೇರಾದಲ್ಲಿ ಪಾಸ್‌ಪೋರ್ಟಿನ ಪಕ್ಕದಲ್ಲೇ ಇಟ್ಟಿದ್ದ ಕೋರ್ಟಿನ ಆದೇಶದ ಪ್ರತಿ ಆ ರಾತ್ರಿ ಹನ್ನೆರಡು ಗಂಟೆಗೆ ಬರೀ ಕಾಗದವಾಯಿತು. ಇನ್ನು ಅವಳನ್ನು ನೋಡಲು ನನಗೆ ಯಾರ ಅಪ್ಪಣೆಯೂ ಬೇಡ, ಅವಳದೊಂದು ಬಿಟ್ಟು! ಆ ಕಾಗದವನ್ನು ಕೊನೆಯ ಬಾರಿಗೆ ಓದಿದಾಗ ಅನ್ನಿಸಿತು, ಇದನ್ನು 2013ರಲ್ಲಿ ಸಹಿ ಹಾಕುವ ಮುಂಚೆ ಹೀಗೇ ಒಂದು ಸಲ ಓದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು. ನನ್ನಂತೆಯೇ ಓದದೆ ಸಹಿ ಹಾಕಲು ಹೊರಟವರು ನಮ್ಮ ನಡುವೆ ಇನ್ನೂ ಇರಬಹುದು. ಅವರಿಗಾಗಿ ಈ ಬರಹ.

ಭಾನುವಾರ ಸಂಜೆ ಆರು ಗಂಟೆ

ನಮ್ಮ ಜಗಳದ ಕಥೆ ಇಲ್ಲಿ ಬೇಡ. ಅದರಲ್ಲಿ ಅವಳ ತಪ್ಪೆಷ್ಟು ನನ್ನ ತಪ್ಪೆಷ್ಟು ಎಂಬ ಲೆಕ್ಕ ಈಗ ಯಾರಿಗೂ ಉಪಯೋಗವಿಲ್ಲ. ಮಗಳು 2007ರಲ್ಲಿ ಹುಟ್ಟಿದಳು, ಎಲ್‌ಕೆಜಿ ಯುಕೆಜಿ ಮಸ್ಕತ್‌ನಲ್ಲೇ ಓದಿದಳು. 2012ರ ಬೇಸಿಗೆ ರಜಕ್ಕೆಂದು ತಾಯಿ ಮಗಳು ಮೈಸೂರಿಗೆ ಹೋದವರು ಮತ್ತೆ ಬರಲಿಲ್ಲ. ಮರುವರ್ಷ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಮಗು ತಾಯಿಯ ಹತ್ತಿರ, ತಂದೆಗೆ ಭೇಟಿಯ ಹಕ್ಕು. ಒಪ್ಪಂದದಲ್ಲಿ ಭೇಟಿಯ ಬಗ್ಗೆ ಇದ್ದದ್ದು ಮೂರೇ ವಾಕ್ಯ. ಪ್ರತಿ ಭಾನುವಾರ ಸಂಜೆ ಆರು ಗಂಟೆಗೆ ತಂದೆ ಫೋನ್ ಮಾಡಬಹುದು. ತಂದೆ ಊರಿಗೆ ಬಂದಾಗ ಸಾರ್ವಜನಿಕ ಸ್ಥಳದಲ್ಲಿ ಸಮಂಜಸವಾದ ಅವಧಿಗೆ ಭೇಟಿಯಾಗಬಹುದು. ಶಾಲೆಯ ರಜೆಯಲ್ಲಿ ಇಬ್ಬರ ಅನುಕೂಲ ನೋಡಿಕೊಂಡು ಹೆಚ್ಚಿನ ಸಮಯ.

ಓದಲು ಎಷ್ಟು ಸಭ್ಯವಾಗಿದೆ ನೋಡಿ! ಆದರೆ ಒಮಾನ್‌ನಲ್ಲಿರುವ ನಿಮಗೆ ಹೇಳಬೇಕಾಗಿಲ್ಲ, ಭಾನುವಾರ ನಮಗೆ ವಾರದ ಮೊದಲ ಕೆಲಸದ ದಿನ. 2013ರ ಮೇ 1ರಿಂದ ಇಲ್ಲಿನ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಯಿತು. ಭಾನುವಾರ ಮಾತ್ರ ಆಗಲೂ ರಜೆಯಲ್ಲ, ಈಗಲೂ ಅಲ್ಲ. ಭಾರತದ ಸಂಜೆ ಆರು ಎಂದರೆ ಮಸ್ಕತ್‌ನಲ್ಲಿ ನಾಲ್ಕೂವರೆ. ನಾನು ಸೈಟಿನಲ್ಲಿ, ಕಾಂಕ್ರೀಟ್ ಲಾರಿಗಳ ಸದ್ದಿನ ನಡುವೆ. ಒಂದು ಕಿವಿಗೆ ಬೆರಳು ಇಟ್ಟುಕೊಂಡು, ಇನ್ನೊಂದು ಕಿವಿಗೆ ಫೋನ್ ಒತ್ತಿಕೊಂಡು, ಆರು ವರ್ಷದ ಮಗುವಿನ ಹತ್ತಿರ "ಊಟ ಆಯ್ತಾ ಪುಟ್ಟಿ?" ಎಂದು ಕಿರುಚುವುದು. ಆ ಕಡೆ ಅವಳು ಭಾನುವಾರ ಸಂಜೆ ಆಟ ಬಿಟ್ಟು ಒಳಗೆ ಬಂದಿರಬೇಕು. ಎರಡೇ ನಿಮಿಷಕ್ಕೆ "ಅಪ್ಪಾ ಹೋಗ್ಲಾ?" ಎನ್ನುತ್ತಿದ್ದಳು.

ನಾನು ಅದನ್ನು ಹೇಗೆ ಅರ್ಥ ಮಾಡಿಕೊಂಡೆ ಗೊತ್ತೆ? ಅವಳ ತಾಯಿ ಹೇಳಿಕೊಟ್ಟು ಹಾಗೆ ಆಡಿಸುತ್ತಿದ್ದಾಳೆ ಎಂದು! ಕೆಲವು ವಾರ ಕೆಲಸದ ಒತ್ತಡದಲ್ಲಿ ನನಗೇ ಫೋನ್ ಮಾಡಲಾಗುತ್ತಿರಲಿಲ್ಲ. ಆಗ ಆಕೆ ಅರ್ಥ ಮಾಡಿಕೊಂಡದ್ದು, ಇವನಿಗೆ ಮಗಳ ಮೇಲೆ ಅಕ್ಕರೆಯಿಲ್ಲ ಎಂದು. ಇಬ್ಬರಿಗೂ ಹೊಳೆಯದಿದ್ದ ಸಂಗತಿ ಎಂದರೆ ತಪ್ಪು ಗಡಿಯಾರದಲ್ಲಿತ್ತು, ಕ್ಯಾಲೆಂಡರಿನಲ್ಲಿತ್ತು. ವಿಡಿಯೋದಲ್ಲಿ ಮುಖ ನೋಡೋಣವೆಂದರೆ ಆಗ ಇಲ್ಲಿ ಸ್ಕೈಪ್ ಕರೆಗಳಿಗೆ ಅಡ್ಡಿಯಿತ್ತು. ಅದರ ಬಗ್ಗೆಯೂ ಒಪ್ಪಂದದಲ್ಲಿ ಚಕಾರವಿರಲಿಲ್ಲ.

ಇನ್ನು "ಸಾರ್ವಜನಿಕ ಸ್ಥಳ". ಮೈಸೂರಿನಲ್ಲಿ ಮಗುವಿನ ಜೊತೆ ಹೋಗುವ ಸಾರ್ವಜನಿಕ ಸ್ಥಳ ಯಾವುದು? ಮೃಗಾಲಯ! 1892ರಿಂದ ಇರುವ ನಮ್ಮ ಚಾಮರಾಜೇಂದ್ರ ಮೃಗಾಲಯದ ಜಿರಾಫೆಗೆ ನನ್ನಷ್ಟು ಪರಿಚಿತ ಅನಿವಾಸಿ ಇನ್ನೊಬ್ಬನಿರಲಾರ. ಒಂದು ಸಲ ಮೂರೇ ದಿನದ ರಜೆಯಲ್ಲಿ ಹೋಗಿ, ಭೇಟಿಗೆ ಒಪ್ಪಿಸಿದ ದಿನ ಮಂಗಳವಾರ. ಮಂಗಳವಾರ ಮೃಗಾಲಯಕ್ಕೆ ರಜೆ. ಗೇಟಿನ ಎದುರಿನ ಕಟ್ಟೆಯ ಮೇಲೆ ಅಪ್ಪ ಮಗಳು ಕೂತು ಕಡಲೆಕಾಯಿ ತಿಂದು, ಎರಡು ಗಂಟೆ ಮುಗಿಸಿ ಎದ್ದೆವು. ತಮಾಷೆಯೆಂದರೆ ಅವಳಿಗೆ ನೆನಪಿರುವ ಭೇಟಿ ಅದೊಂದೇ.

ಮೂರು ಪದ, ಮೂರು ಅರ್ಥ

ಕಾನೂನಿನ ವಿಷಯಕ್ಕೆ ಬರೋಣ. ನಾನು ವಕೀಲನಲ್ಲ, ಸಿವಿಲ್ ಎಂಜಿನಿಯರ್. ಆದರೆ ಪೆಟ್ಟು ತಿಂದವನು ಕಲಿತಷ್ಟು ಪುಸ್ತಕ ಓದಿದವನು ಕಲಿಯಲಾರ. ಮೊದಲು ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಪಾಲಕತ್ವ ಎಂದರೆ ಮಗುವಿನ ಪರವಾಗಿ ನಿರ್ಧಾರ ಮಾಡುವ ಅಧಿಕಾರ. ಸುಪರ್ದಿ, ಅಂದರೆ ನಾವೆಲ್ಲ ಕಸ್ಟಡಿ ಎನ್ನುವುದು, ಮಗು ದಿನನಿತ್ಯ ಯಾರ ಮನೆಯಲ್ಲಿ ಬೆಳೆಯುತ್ತದೆ ಎಂಬುದು. ಭೇಟಿಯ ಹಕ್ಕು ಎಂದರೆ ಸುಪರ್ದಿ ಸಿಗದವರು ಮಗುವನ್ನು ನೋಡುವ, ಜೊತೆಗಿಟ್ಟುಕೊಳ್ಳುವ ಹಕ್ಕು. ಸುಪರ್ದಿ ಹೋದ ಮಾತ್ರಕ್ಕೆ ಪಾಲಕತ್ವ ಹೋಗುವುದಿಲ್ಲ. ಇದು ಎಷ್ಟೋ ಅಪ್ಪಂದಿರಿಗೂ ಅಮ್ಮಂದಿರಿಗೂ ಗೊತ್ತಿರುವುದಿಲ್ಲ.

ಹಿಂದೂಗಳಿಗೆ 1956ರ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಇದೆ. ಅದರ 6ನೇ ಕಲಮಿನಂತೆ ತಂದೆ ಸಹಜ ಪಾಲಕ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ. ಈ "ಅವನ ನಂತರ" ಎಂಬ ಮಾತನ್ನು ಲೇಖಕಿ ಗೀತಾ ಹರಿಹರನ್ ಪ್ರಶ್ನಿಸಿದ್ದು ನಿಮಗೆ ನೆನಪಿರಬಹುದು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಫೆಬ್ರವರಿಯಲ್ಲಿ ಕೋರ್ಟು, "ನಂತರ" ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ಗೈರುಹಾಜರಾಗಿದ್ದಾಗಲೂ ತಾಯಿಯೇ ಸಹಜ ಪಾಲಕಿ ಎಂದಿತು. ಗಲ್ಫಿನಲ್ಲಿ ಕೂತು ವರ್ಷಕ್ಕೊಮ್ಮೆ ಮುಖ ತೋರಿಸುವ ನಮ್ಮಂಥವರು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಅದೇ ಕಾಯ್ದೆಯ 13ನೇ ಕಲಮು ಎಲ್ಲಕ್ಕಿಂತ ದೊಡ್ಡದು. ಮಗುವಿನ ಹಿತವೇ ಪರಮ. ಅಪ್ಪನ ಹಕ್ಕು, ಅಮ್ಮನ ಹಕ್ಕು ಎಲ್ಲ ಅದರ ಕೆಳಗೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ, ಮತ್ತು ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಕೋರ್ಟು ಗಮನಿಸಬಹುದು ಎನ್ನುತ್ತದೆ. ವಿಚ್ಛೇದನದ ಪ್ರಕರಣದಲ್ಲೇ ಮಗುವಿನ ವಿಷಯವನ್ನೂ ತೀರ್ಮಾನಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ 26ನೇ ಕಲಮಿದೆ. ಮಂಗಳೂರು ಕಡೆಯ ಕ್ರೈಸ್ತ ಬಂಧುಗಳಿಗೆ 1869ರ ವಿಚ್ಛೇದನ ಕಾಯ್ದೆಯ 43ನೇ ಕಲಮು, ವಿಶೇಷ ವಿವಾಹ ಕಾಯ್ದೆಯಂತೆ ಮದುವೆಯಾದವರಿಗೆ ಅದರ 38ನೇ ಕಲಮು ಇದೇ ಕೆಲಸ ಮಾಡುತ್ತವೆ. ಮುಖ್ಯವಾದ ಮಾತೊಂದಿದೆ. ಈ ಆದೇಶಗಳು ಕಲ್ಲಿನಲ್ಲಿ ಕೊರೆದದ್ದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಇದು ಗೊತ್ತಿಲ್ಲದೆ ನಾನು ಮೂರು ವರ್ಷ ಆ ಭಾನುವಾರದ ಜೊತೆ ಗುದ್ದಾಡಿದೆ.

ಮಗು ಇಬ್ಬರ ಮನೆಯಲ್ಲೂ ಬೆಳೆಯಬಾರದೇ ಎಂದು ಕೇಳುವವರಿಗೆ ನಮ್ಮ ಕರ್ನಾಟಕ ಹೈಕೋರ್ಟಿನದೇ ಒಂದು ಉದಾಹರಣೆ ಇದೆ. 2013ರಲ್ಲಿ ಅದು ಹನ್ನೆರಡು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಹತ್ತಿರ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಹತ್ತಿರ ಎಂದು ವರ್ಷವನ್ನೇ ಎರಡು ಭಾಗ ಮಾಡಿಕೊಟ್ಟಿತು. ಓದಿನ ಖರ್ಚು ಸಮಪಾಲು, ಒಬ್ಬರ ಹತ್ತಿರ ಇರುವಾಗ ಇನ್ನೊಬ್ಬರ ಜೊತೆ ಫೋನ್ ಮತ್ತು ವಿಡಿಯೋ ಮಾತಿಗೆ ಅವಕಾಶ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗವು ತನ್ನ 257ನೇ ವರದಿಯಲ್ಲಿ ಇಂಥ ಜಂಟಿ ಸುಪರ್ದಿಗೆ ಕಾನೂನಿನಲ್ಲೇ ಜಾಗ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ ಒಬ್ಬರು ಮಸ್ಕತ್, ಒಬ್ಬರು ಮೈಸೂರು ಎಂದಾಗ ವರ್ಷಕ್ಕೆರಡು ಶಾಲೆ ಬದಲಾಯಿಸಲು ಆಗುವುದಿಲ್ಲವಲ್ಲ. ನಮ್ಮಂಥವರಿಗೆ ಭೇಟಿಯ ಹಕ್ಕೇ ಗತಿ. ಅದಕ್ಕೇ ಅದು ಗಟ್ಟಿಯಾಗಿರಬೇಕು.

ಮಸ್ಕತ್‌ನಲ್ಲಿ ಯಾವ ಕಾನೂನು?

ಒಮಾನ್‌ನ ವೈಯಕ್ತಿಕ ಕಾನೂನು 1997ರ 32ನೇ ರಾಜಾಜ್ಞೆಯಿಂದ ಬಂದದ್ದು. ಅದಕ್ಕೂ ಮುಂಚಿನ ವರ್ಷ ಜಿಸಿಸಿ ದೇಶಗಳು ಕೌಟುಂಬಿಕ ಕಾನೂನಿಗೆ ಒಂದು ಸಾಮಾನ್ಯ ಮಾದರಿ ಒಪ್ಪಿಕೊಂಡಿದ್ದವು. ಅದರ ಹೆಸರೇ ಮಸ್ಕತ್ ದಸ್ತಾವೇಜು! ಒಮಾನ್ ಕಾನೂನಿನ ಪ್ರಕಾರ ತಂದೆ ಪಾಲಕ. ಸುಪರ್ದಿಯಾದರೋ ಗಂಡು ಮಗುವಿಗೆ ಏಳು ವರ್ಷದವರೆಗೆ, ಹೆಣ್ಣು ಮಗುವಿಗೆ ಪ್ರಾಯಕ್ಕೆ ಬರುವವರೆಗೆ ಮುಂದುವರಿಯುತ್ತದೆ, ಮೊದಲ ಆದ್ಯತೆ ತಾಯಿಗೆ. ಮಗುವಿನ ಹಿತಕ್ಕಾಗಿ ನ್ಯಾಯಾಧೀಶರು ಬೇರೆ ರೀತಿ ತೀರ್ಮಾನಿಸಬಹುದು. ಭಟ್ಕಳ, ಉಡುಪಿ, ಮಂಗಳೂರು ಕಡೆಯ ನಮ್ಮ ಮುಸ್ಲಿಂ ಬಂಧುಗಳಿಗೆ ಇದು ತಿಳಿದಿರಬೇಕಾದ ವಿಷಯ. ಮುಸ್ಲಿಮೇತರರಿಗೆ ಅವರವರ ಸ್ವಂತ ನಿಯಮಗಳನ್ನೇ ಈ ಕಾನೂನು ಬಿಟ್ಟುಕೊಡುತ್ತದೆ.

ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಊರಿನ ಕುಟುಂಬ ನ್ಯಾಯಾಲಯಕ್ಕೇ ಹೋಗುತ್ತೇವೆ. ಹಿಂದೂ ವಿವಾಹ ಕಾಯ್ದೆ ಭಾರತದಲ್ಲಿ ನೆಲೆಯುಳ್ಳವರನ್ನು ಪರದೇಶದಲ್ಲೂ ಹಿಂಬಾಲಿಸುತ್ತದೆ. ಮದುವೆ ನಡೆದ ಊರಿನಲ್ಲಿ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯಿಂದ ಹೆಂಡತಿ ತಾನು ವಾಸವಿರುವ ಊರಿನಲ್ಲೂ ಹಾಕಬಹುದು. ಆದರೆ ಮಗುವಿನ ವಿಷಯ ಮಾತ್ರ 1890ರ ಕಾಯ್ದೆಯಡಿ ಪ್ರತ್ಯೇಕವಾಗಿ ಹೋದರೆ ಇನ್ನೊಂದು ತೊಡಕಿದೆ. ಅಲ್ಲಿ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಆ ಜಿಲ್ಲೆಯ ಕೋರ್ಟಿಗೇ ಅಧಿಕಾರ. ದಾರ್‌ಸೈತ್‌ನ ಶಾಲೆಯಲ್ಲಿ ಓದುತ್ತಿರುವ ಮಗುವಿಗೆ ಬೆಂಗಳೂರಿನ ಕೋರ್ಟು ಹೇಗೆ ಬಂತು ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ಮಗುವಿನ ವಾಸ ಎಲ್ಲಿ ಎಂಬುದು ಆಯಾ ಪ್ರಕರಣದ ಸಂಗತಿ ನೋಡಿ ತೀರ್ಮಾನವಾಗುವ ವಿಷಯ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ.

ಇದಕ್ಕಿಂತ ದೊಡ್ಡ ವಾಸ್ತವವೆಂದರೆ ವೀಸಾ. ಇಲ್ಲಿ ಹೆಂಡತಿ ಮಕ್ಕಳ ರೆಸಿಡೆನ್ಸ್ ಸಾಮಾನ್ಯವಾಗಿ ಗಂಡನ ಹೆಸರಿನಲ್ಲೇ ಇರುತ್ತದೆ. ಸಂಸಾರ ಮುರಿದರೆ ಹೆಂಡತಿಗೆ ಇಲ್ಲಿರಲು ಸ್ವಂತ ಕೆಲಸದ ವೀಸಾ ಬೇಕು, ಇಲ್ಲದಿದ್ದರೆ ಊರಿನ ದಾರಿ. ಹಾಗಾಗಿ ಗಲ್ಫಿನಲ್ಲಿ ಮುರಿದ ಮನೆಯ ಮಗು ಅಪ್ಪ ಅಮ್ಮನ ನಡುವೆ ಮಾತ್ರವಲ್ಲ, ಎರಡು ದೇಶಗಳ ನಡುವೆ ಹಂಚಿಹೋಗುತ್ತದೆ. ಇಂಥ ಮಗುವಿಗೂ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಜಾಗವಿದೆ. ಅದರ 10ನೇ ವಿಧಿ, ತಂದೆ ತಾಯಿ ಬೇರೆ ಬೇರೆ ದೇಶಗಳಲ್ಲಿದ್ದರೆ ಇಬ್ಬರ ಜೊತೆಗೂ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಭಾರತ 1992ರಲ್ಲಿ, ಒಮಾನ್ 1996ರಲ್ಲಿ ಇದನ್ನು ಒಪ್ಪಿಕೊಂಡಿವೆ. ಗಮನಿಸಿ, ಹಕ್ಕು ಮಗುವಿನದು. ನಮ್ಮದಲ್ಲ.

ಹೇಳದೆ ಕೇಳದೆ ವಿಮಾನ ಹತ್ತಿದರೆ

ಜಗಳದ ಬಿಸಿಯಲ್ಲಿ ಒಬ್ಬರು ಮಗುವನ್ನು ಕರೆದುಕೊಂಡು ವಿಮಾನ ಹತ್ತಿಬಿಡುವುದು ನಮ್ಮಲ್ಲಿ ಹೊಸದೇನಲ್ಲ. ಇದಕ್ಕೆಂದೇ 1980ರ ಹೇಗ್ ಒಪ್ಪಂದವಿದೆ. ಹದಿನಾರು ವರ್ಷದೊಳಗಿನ ಮಗುವನ್ನು ಅದು ವಾಸವಿದ್ದ ದೇಶದಿಂದ ಹೀಗೆ ತೆಗೆದುಕೊಂಡು ಹೋದರೆ, ಒಂದು ವರ್ಷದೊಳಗೆ ದೂರು ಬಂದಲ್ಲಿ, ತಕ್ಕ ವಿನಾಯಿತಿಗಳಿಲ್ಲದಿದ್ದರೆ ಕೂಡಲೇ ವಾಪಸು ಕಳಿಸಬೇಕು. ಸುಪರ್ದಿಯ ಜಗಳ ಅಲ್ಲಿಯೇ ತೀರ್ಮಾನವಾಗಲಿ ಎಂಬುದು ಅದರ ನಿಲುವು. ಭಾರತ ಇದಕ್ಕೆ ಸೇರಿಲ್ಲ. ಒಮಾನ್ ಕೂಡ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ಹೇಳಿತು, 2016ರಲ್ಲಿ ಮಸೂದೆಯೇ ತಯಾರಾಯಿತು. ಹೊಡೆತ ಬಡಿತ ತಾಳಲಾರದೆ ಮಗುವಿನೊಡನೆ ತವರಿಗೆ ಓಡಿಬಂದ ಹೆಣ್ಣುಮಕ್ಕಳನ್ನು ಅಪಹರಣಕಾರರೆಂದು ಕರೆಯುವುದೇ ಎಂಬ ಪ್ರಶ್ನೆ ಎದ್ದಿತು. ಅದು ನ್ಯಾಯವಾದ ಪ್ರಶ್ನೆಯೇ. ಮಸೂದೆ ಅಲ್ಲಿಗೇ ನಿಂತಿತು.

ಹೀಗಾಗಿ ಇಂಥ ಪ್ರಕರಣಗಳು ಒಂದೊಂದಾಗಿ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮುಂದೆ ಬರುತ್ತವೆ. ನಮ್ಮ ಬೆಂಗಳೂರಿನದೇ ಒಂದನ್ನು ನೋಡಿ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ 2020ರ ಮಾರ್ಚ್‌ನಲ್ಲಿ ತಂದೆಯ ಒಪ್ಪಿಗೆಯಿಲ್ಲದೆ ಬೆಂಗಳೂರಿಗೆ ಕರೆತಂದರು. ಅಮೆರಿಕದ ಕೋರ್ಟು ಮಗುವನ್ನು ವಾಪಸು ತನ್ನಿ ಎಂದಿತು. ತಂದೆಗೆ ಕರ್ನಾಟಕ ಹೈಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ. ಕೊನೆಗೆ 2022ರ ಜುಲೈ 29ರಂದು ಸುಪ್ರೀಂ ಕೋರ್ಟು ಮಗು ಅಮೆರಿಕಕ್ಕೆ ಮರಳಬೇಕೆಂದು ತೀರ್ಪಿತ್ತಿತು. ಮಗು ಏನು ಬಯಸುತ್ತದೆ ಎಂಬುದು ಬೇರೆ, ಮಗುವಿನ ಹಿತ ಯಾವುದು ಎಂಬುದು ಬೇರೆ ಎಂದು ಅದು ವಿವರಿಸಿತು. ಇದಕ್ಕೆ ತದ್ವಿರುದ್ಧವಾಗಿ 2017ರಲ್ಲಿ, ಹೃದಯದ ತೊಂದರೆಯಿದ್ದ, ಇಂಗ್ಲೆಂಡಿನಿಂದ ತಾಯಿಯೊಡನೆ ಬಂದ ಏಳು ವರ್ಷದ ಹುಡುಗಿಯನ್ನು ವಾಪಸು ಕಳಿಸಲು ಅದೇ ಕೋರ್ಟು ಒಪ್ಪಲಿಲ್ಲ. ಎರಡರಲ್ಲೂ ತಕ್ಕಡಿ ಒಂದೇ, ಮಗುವಿನ ಹಿತ. ಆದರೆ ಆ ತಕ್ಕಡಿ ನಿಲ್ಲುವಷ್ಟರಲ್ಲಿ ಬೆಂಗಳೂರಿನ ಹುಡುಗನಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಹನ್ನೊಂದು ವರ್ಷದ ಮಗುವಿನ ಬಾಳಿನಲ್ಲಿ ಅದೆಷ್ಟು ದೊಡ್ಡ ಪಾಲು!

ನಮ್ಮಂಥವರಿಗೆ ಹೆಚ್ಚು ಉಪಯೋಗದ ತೀರ್ಪು 2020ರ ಜನವರಿಯದು. ಅದೂ ಅಮೆರಿಕದಿಂದ ಕರೆತಂದ ಪುಟ್ಟ ಹುಡುಗಿಯ ಪ್ರಕರಣವೇ. ಭೇಟಿಯ ಹಕ್ಕನ್ನು ಕೋರ್ಟುಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬರೆಯಬೇಕು, ಭೇಟಿಯ ಜೊತೆಗೆ ಸಂಪರ್ಕದ ಹಕ್ಕೂ ಇರಬೇಕು, ದೂರವಿರುವ ತಂದೆಯೋ ತಾಯಿಯೋ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿತು. ಆ ಮಾತು ಬಂದ ಎರಡೇ ತಿಂಗಳಿಗೆ ಕೋವಿಡ್ ಬಂದು ವಿಮಾನಗಳೆಲ್ಲ ನಿಂತವು. ನಾನು ಒಂದೂವರೆ ವರ್ಷ ಮಗಳನ್ನು ಮುಟ್ಟಿ ನೋಡಲಿಲ್ಲ. ಆಗ ನನ್ನನ್ನು ಕಾಪಾಡಿದ್ದು ದಿನದ ಆ ಹತ್ತು ನಿಮಿಷ.

"ಮಗಳ ವಾರ ಹೇಗಿರುತ್ತೆ, ಹೇಳಿ"

ಕಥೆ ಸ್ವಲ್ಪ ಹಿಂದಕ್ಕೆ. 2016ರಲ್ಲಿ ನಾನು ಸಿಟ್ಟಿನಲ್ಲೇ ಊರಿಗೆ ಹೋಗಿ, ಆದೇಶ ಬದಲಾಯಿಸಿ ಎಂದು ಅರ್ಜಿ ಹಾಕಿದೆ. ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆಯಿದೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದ ಹೆಸರು ನೀವು ಕೇಳಿರಬಹುದು. ಜಿಲ್ಲೆಗಳಲ್ಲೂ ಇಂಥ ಕೇಂದ್ರಗಳಿವೆ. ಅಲ್ಲಿ ಕಟಕಟೆ ಇಲ್ಲ. ಒಂದು ಮೇಜು, ನಾಲ್ಕು ಕುರ್ಚಿ. ಹೇಳಿದ ಮಾತು ಆ ಕೋಣೆಯ ಹೊರಗೆ ಹೋಗುವುದಿಲ್ಲ.

ನಾನು ಒಂದು ಫೈಲು ತುಂಬ ದೂರುಗಳನ್ನು ಒಯ್ದಿದ್ದೆ. ಯಾವ ಭಾನುವಾರ ಫೋನ್ ಎತ್ತಲಿಲ್ಲ, ಯಾವ ಭೇಟಿ ತಪ್ಪಿತು, ಎಲ್ಲ ತಾರೀಖು ಸಮೇತ. ಮಧ್ಯಸ್ಥರಾಗಿದ್ದ ಹಿರಿಯ ಮಹಿಳೆ ಫೈಲನ್ನು ಬದಿಗಿಟ್ಟು ಕೇಳಿದರು. "ಅದಿರಲಿ. ನಿಮ್ಮ ಮಗಳ ವಾರ ಹೇಗಿರುತ್ತೆ, ಹೇಳಿ. ಸೋಮವಾರ ಶಾಲೆ ಬಿಟ್ಟ ಮೇಲೆ ಏನು ಮಾಡ್ತಾಳೆ?"

ನನಗೆ ಗೊತ್ತಿರಲಿಲ್ಲ.

ಸಂಗೀತದ ಪಾಠ ಯಾವ ದಿನ, ಗೆಳತಿಯರು ಯಾರು, ಗಣಿತದಲ್ಲಿ ಏನು ಕಷ್ಟ, ಒಂದೂ ಗೊತ್ತಿರಲಿಲ್ಲ. ಹಕ್ಕು ಕೇಳಲು ಬಂದವನಿಗೆ ಮಗುವೇ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಆಗ ನನ್ನ ಮಾಜಿ ಪತ್ನಿ ಯಾವ ವ್ಯಂಗ್ಯವೂ ಇಲ್ಲದೆ ಸೋಮವಾರದಿಂದ ಭಾನುವಾರದವರೆಗೆ ಮಗಳ ವಾರವನ್ನು ಹೇಳಿದಳು. ಮೂರು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ ಮೊದಲ ಜಗಳವಿಲ್ಲದ ಮಾತು ಅದು. ನಾನು ಬರೆದುಕೊಂಡೆ. ಅದೇ ಹೊಸ ಒಪ್ಪಂದದ ಮೊದಲ ಪುಟವಾಯಿತು.

ಭಾನುವಾರ ಹೋಗಿ ಶನಿವಾರ ಬಂತು. ಭಾರತದ ಸಮಯ ಏಳು ಗಂಟೆ, ಮಸ್ಕತ್ ಸಮಯ ಐದೂವರೆ. ನನಗೂ ರಜೆ, ಅವಳಿಗೂ ಮರುದಿನ ಶಾಲೆಯಿಲ್ಲ. ಮೊದಲ ಶನಿವಾರವೇ ಮಾತು ನಲವತ್ತು ನಿಮಿಷ ನಡೆಯಿತು. ಅವಳು ಹಲ್ಲು ಬಿದ್ದ ಕಥೆಯನ್ನು ಮೂರು ಸಲ ಹೇಳಿದಳು.

ಬರೆದಿಟ್ಟುಕೊಳ್ಳಬೇಕಾದ್ದು

ಅನುಭವದಿಂದ ಹೇಳುತ್ತಿದ್ದೇನೆ. ಒಪ್ಪಂದ ಮಾಡಿಕೊಳ್ಳುವವರು "ಸಮಂಜಸ", "ಅನುಕೂಲ" ಎಂಬ ಪದಗಳನ್ನು ನಂಬಬೇಡಿ. ಇವಿಷ್ಟನ್ನು ಬಿಡಿಸಿ ಬರೆಸಿ:

1. ಕರೆಯ ದಿನ ಮತ್ತು ಸಮಯ, ಎರಡೂ ದೇಶದ ಗಡಿಯಾರದಲ್ಲಿ. ಒಂದೂವರೆ ಗಂಟೆಯ ವ್ಯತ್ಯಾಸ ಮತ್ತು ಶುಕ್ರವಾರ-ಶನಿವಾರದ ರಜೆ ನೆನಪಿರಲಿ. ತಪ್ಪಿದರೆ ಬದಲಿ ದಿನ ಯಾವುದು ಎಂಬುದೂ ಇರಲಿ.

2. ಯಾವ ಮಾಧ್ಯಮದಲ್ಲಿ ಕರೆ. ಎರಡೂ ದೇಶಗಳಲ್ಲಿ ಅನುಮತಿಯಿರುವ, ನಡೆಯುವ ಸಾಧನವನ್ನೇ ಆರಿಸಿ. ಅದು ಕೆಟ್ಟರೆ ಮಾಮೂಲಿ ಫೋನ್ ಎಂದು ಸೇರಿಸಿ.

3. ರಜೆಯ ಹಂಚಿಕೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್-ಮೇ, ಇಲ್ಲಿನ ಇಂಡಿಯನ್ ಸ್ಕೂಲ್‌ಗಳಿಗೆ ಜೂನ್-ಜುಲೈ. ಮಗು ಎಲ್ಲಿ ಓದುತ್ತದೋ ಆ ಕ್ಯಾಲೆಂಡರ್ ನೋಡಿ ನಿಮ್ಮ ಕಂಪನಿ ರಜೆ ಹೊಂದಿಸಿಕೊಳ್ಳಿ. ದಸರಾ ರಜೆಯನ್ನು ಮರೆಯಬೇಡಿ.

4. ಮಗುವನ್ನು ಎಲ್ಲಿ, ಯಾರು, ಎಷ್ಟು ಗಂಟೆಗೆ ಕರೆತಂದು ಒಪ್ಪಿಸುತ್ತಾರೆ. ಪೋಲೀಸ್ ಠಾಣೆ, ಕೋರ್ಟಿನ ಆವರಣ ಬೇಡ. ಅಜ್ಜಿಯ ಮನೆ ಆಗಬಹುದು.

5. ಪಾಸ್‌ಪೋರ್ಟ್ ಯಾರ ಹತ್ತಿರ, ನವೀಕರಣಕ್ಕೆ ಇನ್ನೊಬ್ಬರು ಎಷ್ಟು ದಿನದೊಳಗೆ ಸಹಿ ಕೊಡಬೇಕು, ಪ್ರಯಾಣಕ್ಕೆ ಒಪ್ಪಿಗೆ ಪತ್ರ ಹೇಗೆ. 2016ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಪಾಸ್‌ಪೋರ್ಟ್ ನಿಯಮ ಸಡಿಲಿಸಿ ಅರ್ಜಿಯಲ್ಲಿ ಒಬ್ಬ ಪಾಲಕರ ಹೆಸರಿದ್ದರೂ ಸಾಕೆಂದಿದೆ. ಆದರೂ ಕೋರ್ಟಿನ ಆದೇಶದಲ್ಲಿ ಸ್ಪಷ್ಟವಾಗಿದ್ದರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ.

6. ಶಾಲೆಯ ಪ್ರಗತಿ ಪತ್ರ, ಡಾಕ್ಟರ ಚೀಟಿ ಇಬ್ಬರಿಗೂ ಸಿಗಬೇಕು.

7. ಅಜ್ಜ ಅಜ್ಜಿಯರು. ಅಪ್ಪನ ಕಡೆಯವರಾಗಲಿ ಅಮ್ಮನ ಕಡೆಯವರಾಗಲಿ, ಅವರೇನು ತಪ್ಪು ಮಾಡಿದ್ದಾರೆ? ಅವರಿಗೂ ಒಂದೆರಡು ದಿನ ಬರೆಯಿರಿ.

8. ಜೀವನಾಂಶವನ್ನೂ ಭೇಟಿಯನ್ನೂ ಗಂಟು ಹಾಕಬೇಡಿ. ಭೇಟಿ ತಪ್ಪಿಸಿದರೆಂದು ಹಣ ನಿಲ್ಲಿಸುವುದು, ಹಣ ತಡವಾಯಿತೆಂದು ಮಗುವನ್ನು ತೋರಿಸದಿರುವುದು, ಎರಡೂ ಮಗುವಿಗೇ ಮಾಡುವ ಅನ್ಯಾಯ. ಎರಡಕ್ಕೂ ಕೋರ್ಟಿನಲ್ಲಿ ಬೇರೆ ಬೇರೆ ದಾರಿಗಳಿವೆ.

9. ಎರಡು ಮೂರು ವರ್ಷಕ್ಕೊಮ್ಮೆ ಒಪ್ಪಂದವನ್ನು ಮತ್ತೆ ಕೂತು ನೋಡುತ್ತೇವೆ ಎಂದು ಸೇರಿಸಿ. ಆರು ವರ್ಷದ ಮಗುವಿಗೆ ಹೊಲಿಸಿದ ಅಂಗಿ ಹದಿಮೂರಕ್ಕೆ ಹಿಡಿಸದು.

ಒಂದು ಎಚ್ಚರಿಕೆಯ ಮಾತೂ ಇದೆ. ಹೊಡೆತ, ಕುಡಿತ, ಮಗುವಿಗೆ ಅಪಾಯ ಇರುವ ಕಡೆ ಈ ಒಳ್ಳೆಯತನದ ಮಾತು ನಡೆಯುವುದಿಲ್ಲ. ಅಂಥಲ್ಲಿ ಮೂರನೆಯವರ ಮೇಲ್ವಿಚಾರಣೆಯಲ್ಲಷ್ಟೇ ಭೇಟಿ ಎಂದು ಕೋರ್ಟು ಹೇಳಬಹುದು, ಪೂರ್ತಿ ನಿಲ್ಲಿಸಲೂಬಹುದು. ಇಲ್ಲಿ ಕಷ್ಟದಲ್ಲಿರುವ ಹೆಣ್ಣುಮಕ್ಕಳು ಒಬ್ಬರೇ ನರಳಬೇಡಿ. ನಮ್ಮ ರಾಯಭಾರ ಕಚೇರಿಯಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಕಾನೂನು ನೆರವಿಗೂ ಅದರಲ್ಲಿ ಅವಕಾಶವಿದೆ. 2015ರಲ್ಲಿ ಶುರುವಾದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ವಿವಾಹಗಳಿಗೆಂದೇ ಒಂದು ವಿಭಾಗವಿದೆ.

ಕೊನೆಗೊಂದು ಮಾತು

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ನಮ್ಮ ಹಿರಿಯರು ಮದುವೆ ಮನೆಗಳಲ್ಲಿ ಹೇಳುತ್ತಾರೆ. ಉಂಡು ಮಲಗಿದರೂ ಮುಗಿಯದ ಜಗಳಗಳಿಗೆ ಅವರೇ ಇನ್ನೊಂದು ಗಾದೆಯನ್ನೂ ಕಟ್ಟಿದ್ದರು, ಕೂಸು ಬಡವಾಯಿತು ಎಂದು. ಅದನ್ನು ಮಾತ್ರ ಯಾರೂ ಜೋರಾಗಿ ಹೇಳುವುದಿಲ್ಲ.

ನಾನು ಮಾಡಿದ ಇನ್ನೊ ಒಂದು ತಪ್ಪನ್ನು ಒಪ್ಪಿಕೊಂಡು ಮುಗಿಸುತ್ತೇನೆ. ಮೊದಲ ವರ್ಷಗಳಲ್ಲಿ ಪ್ರತಿ ಕರೆಯಲ್ಲೂ ಮಗಳನ್ನು ಕೇಳುತ್ತಿದ್ದೆ, "ಅಮ್ಮ ಏನಂದ್ಲು? ಮನೆಗೆ ಯಾರು ಬಂದಿದ್ರು?" ಎಂದು. ಈ ಬೇಸಿಗೆಯಲ್ಲಿ ಅವಳು ತಾನೇ ಟಿಕೆಟ್ ಮಾಡಿಸಿಕೊಂಡು ಮಸ್ಕತ್‌ಗೆ ಬಂದಳು. ಮುತ್ರಾಹ್ ಕಾರ್ನಿಷ್‌ನಲ್ಲಿ ನಡೆಯುತ್ತಾ ನಾನು ಅದಕ್ಕೆ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಅಪ್ಪಾ, ನೀನು ಕೇಳಿದಾಗೆಲ್ಲ ನಾನು ಸುಳ್ಳು ಹೇಳ್ತಿದ್ದೆ. ಅಮ್ಮಂಗೆ ನಿನ್ನ ಬಗ್ಗೆ, ನಿನಗೆ ಅಮ್ಮನ ಬಗ್ಗೆ. ಇಬ್ಬರಿಗೂ ಬೇಜಾರಾಗಬಾರದು ಅಂತ."

ಏಳು ವರ್ಷದ ಮಗು ಮಾಡುವ ಕೆಲಸವೇ ಅದು? ನಾನು ಸಮುದ್ರದ ಕಡೆ ಮುಖ ತಿರುಗಿಸಿಕೊಂಡೆ. ಅವಳೇ ಕೈ ಹಿಡಿದು, "ಬಾ, ಶವರ್ಮಾ ಕೊಡಿಸು" ಎಂದಳು. ಅವಳ ಚೀಲದಲ್ಲಿ ನನಗೆಂದು ಒಂದು ಡಬ್ಬಿ ಮೈಸೂರು ಪಾಕ್ ಇತ್ತು. ಡಬ್ಬಿಯ ಮೇಲೆ ಹೆಸರು ಬರೆದಿದ್ದ ಅಕ್ಷರ ಮಗಳದ್ದಲ್ಲ.

ಸಂಘದ ಬಂಧುಗಳಲ್ಲಿ ಒಂದು ಕೋರಿಕೆ. ಕಾರ್ಯಕ್ರಮಗಳಿಗೆ "ಸಕುಟುಂಬ ಸಪರಿವಾರ" ಎಂದು ಆಮಂತ್ರಣ ಕಳಿಸುವಾಗ, ಒಂಟಿಯಾಗಿ ಬರುವವರನ್ನೂ ನೆನಪಿಟ್ಟುಕೊಳ್ಳಿ. "ಮನೆಯವರೆಲ್ಲಿ?" ಎಂದು ಎರಡನೇ ಸಲ ಕೇಳಬೇಡಿ. ರಜೆಗೆ ಅಪ್ಪನನ್ನೋ ಅಮ್ಮನನ್ನೋ ನೋಡಲು ಬಂದ ಮಗು ಕಂಡರೆ ನಿಮ್ಮ ಮಕ್ಕಳ ಜೊತೆ ಆಟಕ್ಕೆ ಕರೆದುಕೊಳ್ಳಿ. ಯಾರಾದರೂ ಇಂಥ ಕಾಗದಕ್ಕೆ ಸಹಿ ಹಾಕುವ ಹೊತ್ತಿನಲ್ಲಿದ್ದರೆ ಸಂಕೋಚವಿಲ್ಲದೆ ಸಂಘದ ಮೂಲಕ ನನ್ನನ್ನು ಸಂಪರ್ಕಿಸಿ. ಕಾನೂನು ಸಲಹೆಗೆ ವಕೀಲರಿದ್ದಾರೆ. ಎರಡು ದೇಶದ ಗಡಿಯಾರ ಹೊಂದಿಸುವುದನ್ನು ನಾನು ಹೇಳಿಕೊಡಬಲ್ಲೆ.

ಎಲ್ಲರ ಮನೆಯ ಕೂಸುಗಳೂ ಚೆನ್ನಾಗಿರಲಿ.


ರೂವಿಯಿಂದ ನಿಮ್ಮವನೇ ಒಬ್ಬ ಕನ್ನಡಿಗ